ಅಣ್ಣನ ಪಾತ್ರ

ಹೊಳೆಯ ದಂಡೆಯಲ್ಲಿ ನೀಲವ್ವನ ನಾಟಕಶಾಲೆ. ಶಾಲೆ ಎಂದರೆ ಒಂದು ತಗಡಿನ ಚಪ್ಪರ, ಎರಡು ಚಾಪೆ, ಅಷ್ಟೇ.

ಅಲ್ಲಿ ಕಲಿತ ಮಹಾಂತೇಶ ಈಗ ತನ್ನ ನಾಟಕ ತಾನೇ ಬರೆದು, ತಾನೊಬ್ಬನೇ ಆಡಿ ಊರೂರಲ್ಲಿ ಹೆಸರು ಮಾಡಿದ್ದ. ಆ ಹೆಸರೆಲ್ಲ ಒಂದೇ ನಾಟಕದ್ದು, ಹೊಳೆಯ ಪಾಲಾದ ಅವನ ತಮ್ಮ ಫಕೀರನ ಕಥೆ.

ಒಂದು ಸಂಜೆ ಅವನು ಓಡೋಡಿ ಬಂದ. ಮುಖ ಬಿಳಿಚಿಕೊಂಡಿತ್ತು.

"ಅವ್ವಾರ, ಇನ್ನ ನಾ ನಾಟಕ ಆಡೂದಿಲ್ಲ."

"ಯಾಕ, ಮಂದಿ ಚಪ್ಪಾಳಿ ಹೊಡೀವಲ್ರೇನು?"

"ಹೊಡೀತಾರ್ರಿ. ಆದ್ರ ನಾ ಬರೀಲಾರದ ಮಾತು ನನ್ನ ಬಾಯಾಗ ಬರತೈತಿ. ಅದೂ ಫಕೀರನ ದನಿಯಾಗ."

"ಏನಂತಾನ?"

"ಅಣ್ಣಾ, ಎಲ್ಲಿ ಅದೀ, ಅಂತಾನ."

ನಾಟಕ ಬಿಟ್ಟರೆ ಮಹಾಂತೇಶನಿಗೆ ಬೇರೆ ಬದುಕಿಲ್ಲ. ಆಡಿದರೆ ಆ ದನಿ ಬಿಡುವುದಿಲ್ಲ.

"ನಾಟಕದಾಗ ಯಾರ್ ಯಾರ್ ಅದಾರ?" ನೀಲವ್ವ ಕೇಳಿದಳು.

"ತಮ್ಮ, ಅಪ್ಪ, ಅವ್ವ, ಅಂಬಿಗ. ಎಲ್ಲಾ ನಾನ ಮಾಡತೀನ್ರಿ."

"ಅಣ್ಣ?"

ಮಹಾಂತೇಶ ತಲೆ ತಗ್ಗಿಸಿದ.

"ಅವತ್ತ ನಾ ಊರಾಗ ಇರಲಿಲ್ರಿ. ನಾಟಕ ಆಡಾಕ ಹೋಗಿದ್ದೆ. ಇರಲಾರದವಗ ಎಂಥಾ ಪಾತ್ರ?"

"ಕಡೀ ದೃಶ್ಯ ಆಡಿ ತೋರಸು."

ಮಹಾಂತೇಶ ಒಂದು ಚಾಪೆಯ ಮೇಲೆ ನಿಂತು ಆಡಿದ. ಅಪ್ಪ ಕೂಗಿದ, ಅವ್ವ ಎದೆ ಬಡಿದುಕೊಂಡಳು, ಅಂಬಿಗ ನೀರಿಗೆ ಹಾರಿದ. ಆಮೇಲೆ ಗಂಡಸಿನ ಗಂಟಲಿನಿಂದ ಎಳೆಯ ದನಿಯೊಂದು ಹೊರಬಿತ್ತು.

"ಅಣ್ಣಾ, ಎಲ್ಲಿ ಅದೀ?"

ನೀಲವ್ವ ಎದ್ದಳು. ಅವನ ಭುಜ ಹಿಡಿದು ಆ ಚಾಪೆಯಿಂದ ಇಳಿಸಿ, ಎದುರಿನ ಚಾಪೆಯ ಮೇಲೆ ತಂದು ನಿಲ್ಲಿಸಿದಳು.

"ಈಗ ನೀ ಅಣ್ಣ."

"ಅಲ್ಲಿ ಯಾರೂ ಇಲ್ಲಲ್ರಿ, ಅವ್ವಾರ."

"ಸುಮ್ಮನ ನಿಲ್ಲು."

ಮಹಾಂತೇಶ ತುಟಿ ಬಿಗಿಹಿಡಿದು ನಿಂತ. ಗಾಳಿಯಿರಲಿಲ್ಲ. ಹೊಳೆಯ ಸದ್ದೂ ಕೇಳದಂತಾಗಿತ್ತು.

ಎದುರಿನ ಖಾಲಿ ಚಾಪೆಯಿಂದ ದನಿ ಬಂತು.

"ಅಣ್ಣಾ, ಎಲ್ಲಿ ಅದೀ?"

ಚಾಪೆ ನಿಧಾನವಾಗಿ ಒದ್ದೆಯಾಗುತ್ತಿತ್ತು.

"ಅವ್ವಾರ... ನಿಮಗೂ ಕೇಳಿಸ್ತೇನ್ರಿ?"

"ಕೇಳಿಸ್ತು."

ಅವನು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡ. ಹೆದರಿಕೆಗಿಂತ ಹೆಚ್ಚಾಗಿ ಅಳು ಉಕ್ಕಿ ಬರುತ್ತಿತ್ತು.

"ಏನಂತ ಹೇಳಲ್ರಿ? ಇಷ್ಟು ವರ್ಷ ಆದ ಮ್ಯಾಲ ಯಾವ ಮಾತು ಬರೀಲಿ? ಒಂದು ಮಾತು ನೀವ ಹೇಳಿಕೊಡ್ರಿ."

ನೀಲವ್ವ ಮೆಲ್ಲಗೆ ಕೈ ಬಿಡಿಸಿಕೊಂಡಳು. ಹಿಂದೆ ಸರಿದು, ನಾಟಕ ನೋಡುವವರು ಕೂರುವಲ್ಲಿ ಕೂತಳು.

"ಕರದಾಗ ಮೊದಲ 'ಓ' ಅನ್ನಪಾ. ಮಾತು ಆಮ್ಯಾಲ."