ವಿಜ್ಞಾನಿಯ ಬೆರಳು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಹೊಸ ಯಂತ್ರವೊಂದು ಸಿದ್ಧವಾಯಿತು. ಸಂಶೋಧನೆ ವಿಜ್ಞಾನಿ ಮುದ್ದರಂಗಯ್ಯನವರದು, ಕಾರ್ಖಾನೆ ನಜೀರ್ ಸಾಹೇಬರದು, ಮೋಟಾರು ಜಪಾನಿನ ನಿಶಿಮುರ ಅವರದು. ಪತ್ರಿಕೆಯಲ್ಲಿ ಮೂವರ ಹೆಸರೂ ಬಂದದ್ದು ಕಂಡು ಮುದ್ದರಂಗಯ್ಯನವರ ಹೊಟ್ಟೆ ಉರಿಯಿತು. ಕಾರ್ಖಾನೆಯ ಫಿಟ್ಟರನನ್ನು ಮೂಲೆಗೆ ಕರೆದರು.

"ನಾಳೆ ಉದ್ಘಾಟನೆಯಲ್ಲಿ ಯಂತ್ರ ನನ್ನ ಬೆರಳಿನಿಂದ ಮಾತ್ರ ಓಡಬೇಕು ಕಣಯ್ಯ. ಬೇರೆಯವರು ಸ್ವಿಚ್ ಮುಟ್ಟಿದರೋ, ನಿನ್ನ ಕೆಲಸ ಹೋಯಿತು ಅಂತ ತಿಳ್ಕೋ."

ಫಿಟ್ಟರನಿಗೆ ಕೆಲಸವೂ ಬೇಕು, ಯಂತ್ರವೂ ಓಡಬೇಕು. "ಆಗಲಿ ಸಾರ್" ಎಂದ. ಸ್ವಿಚ್ ಕಿತ್ತು, ಕರೆಗಂಟೆಯ ಗುಂಡಿ ಕೂರಿಸಿದ.

ಮಾರನೆಯ ದಿನ ಮುದ್ದರಂಗಯ್ಯನವರು ಗುಂಡಿ ಒತ್ತಿದರು. ಯಂತ್ರ ಓಡಿತು, ಚಪ್ಪಾಳೆ ಬಿತ್ತು. ಬೆರಳು ತೆಗೆದರು, ಯಂತ್ರ ನಿಂತಿತು.

"ಏನಯ್ಯಾ ಇದು?"

"ತಮ್ಮ ಬೆರಳಿನಿಂದ ಮಾತ್ರ ಅಂದಿದ್ರಲ್ಲ ಸಾರ್. ಒತ್ತಿಕೊಂಡೇ ಇರಬೇಕು."

ಒತ್ತಿಕೊಂಡೇ ನಿಂತರು. ಅತ್ತ ಸಾಹೇಬರು ಜಪಾನಿನ ಅತಿಥಿಯನ್ನು ಕೂರಿಸಿಕೊಂಡು ಬಿರಿಯಾನಿ ಬಡಿಸಿದರು. ಇಬ್ಬರೂ ಹೊಸ ನೂಲನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. ಮುಂದಿನ ಯಂತ್ರದ ಮಾತೂ ಶುರುವಾಯಿತು. ಮುದ್ದರಂಗಯ್ಯನವರಿಗೆ ಬೆರಳಿಗಿಂತ ಹೊಟ್ಟೆ ಹೆಚ್ಚು ಉರಿಯಿತು.

"ಸಾಹೇಬರೇ, ಅವರನ್ನೂ ಕರಕೊಂಡು ಬನ್ನಿ!" ಎಂದು ಕೂಗಿದರು. "ನೀವೂ ಒಂದೊಂದು ಬೆರಳು ಇಡಿ!"

ಫಿಟ್ಟರ್ ಜೇಬಿನಿಂದ ಹಳೆಯ ಸ್ವಿಚ್ ತೆಗೆದ.

"ಹಾಗಾದ್ರೆ ಇದನ್ನೇ ಹಾಕ್ತೀನಿ ಸಾರ್. ಮೂರು ಜನ ಒಂದು ಸಲ ಒತ್ತಿದ್ರೆ ಸಾಕು, ತಮ್ಮ ಊಟ ಮುಗಿಯೋವರೆಗೂ ತಾನೇ ಓಡುತ್ತೆ."