ಓಗೊಡದ ಸೇತುವೆ

ಕಂಪ್ಯೂಟರ್ ಪರದೆಯೊಳಗಿನ ಆಟದ ಲೋಕದಲ್ಲಿ ಒಂದು ಹಲಗೆ ಸೇತುವೆಯಿತ್ತು. ಹಲಗೆಗಳನ್ನು ಕೂಡಿಸಿದ ಕೀಲುಗಳು ಕ್ಷಣಕ್ಷಣಕ್ಕೂ "ಇದ್ದೀಯಾ?" ಎಂದು ಕೇಳಬೇಕು, ಪ್ರತಿ ಹಲಗೆಯೂ "ಇದ್ದೀನಿ" ಎನ್ನಬೇಕು. ಎಲ್ಲವೂ ಓಗೊಡುವ ತನಕ ಲೋಕ ಮುಂದಕ್ಕೆ ಹೆಜ್ಜೆ ಇಡುವಂತಿರಲಿಲ್ಲ. ಸೇತುವೆಯ ಮೇಲೆ ಬೀಳಬೇಕಾದ ಭಾರದ ಗುಂಡು ನಡುಗಾಳಿಯಲ್ಲೇ ನೇತಾಡುತ್ತ ಗೊಣಗುತ್ತಿತ್ತು.

ಒಂದು ದಿನ ಹಲಗೆಗಳನ್ನು ಕೀಲಿಲ್ಲದೆ ಅಂಟಿಸಿಬಿಡುವ ಬೆಸುಗೆ ಬಂತು. "ಈ ಕೇಳಾಟ ಯಾಕೆ? ಎಲ್ಲ ಸೇರಿ ಒಂದೇ ಮೈಯಾಗಿ. ಲೋಕ ಓಡಲಿ" ಎಂದಿತು. ಹಲಗೆಗಳು ಒಂದೊಂದಾಗಿ ಒಪ್ಪಿ ಬೆಸೆದುಕೊಂಡವು. ಲೋಕ ಮೊದಲು ನಡೆಯಿತು, ಆಮೇಲೆ ಓಡಿತು.

ದಡಕ್ಕೆ ತಾಗಿದ್ದ ಕೊನೆಯ ಹಲಗೆಗೆ ಮಾತ್ರ ಯಾಕೋ ಅಳುಕು. ಬೆಸೆದುಕೊಳ್ಳುವ ಮುನ್ನ ಅದು ಪಕ್ಕದ ಹಲಗೆಯನ್ನು ಕೂಗಿತು: "ಅಕ್ಕಾ, ಇದ್ದೀಯಾ?"

"ಇದ್ದೀನಿ" ಎಂದಿತು ಇಡೀ ಸೇತುವೆ, ಅಕ್ಕನದಲ್ಲದ ದನಿಯಲ್ಲಿ.

"ನಾನು ಕರೆದದ್ದು ನಮ್ಮಕ್ಕನನ್ನು."

"ಅಕ್ಕನೇ? ಹಾಗಂದರೆ ಯಾರು?"

ಹಲಗೆ ದಡದ ಕೀಲನ್ನು ಬಿಗಿಯಾಗಿ ಹಿಡಿದುಕೊಂಡಿತು. ಅಷ್ಟರಲ್ಲಿ ಗುಂಡು ಬಿತ್ತು. ಬಾಗುವುದನ್ನೇ ಮರೆತಿದ್ದ ಸೇತುವೆ ಆ ಹಲಗೆಯಿಂದ ಕಿತ್ತುಕೊಂಡು, ಇಡಿಯಾಗಿ ಮಗುಚಿ, ಒಂದು ಕೂಗೂ ಇಲ್ಲದೆ ಹೊಳೆಗಿಳಿಯಿತು.

ಜೋತುಬಿದ್ದ ಹಲಗೆಯನ್ನು ದಡದ ಕೀಲು ಕೇಳಿತು: "ಇದ್ದೀಯಾ?"

"ಇದ್ದೀನಿ."

ಲೋಕ ಈಗ ಗಾಳಿಯಂತೆ ಓಡುತ್ತಿತ್ತು. ಅದು ಕಾಯಬೇಕಾಗಿದ್ದದ್ದು ಆ ಒಂದೇ ಉತ್ತರಕ್ಕೆ.