ಹೆಚ್ಚಿದರೆ ಇನ್ನೊಂದು

ಬಹಳ ಹಿಂದೆ, ಜನ ಫೋನನ್ನು ಇನ್ನೂ ಅಂಗೈಯಲ್ಲಿ ಹಿಡಿದುಕೊಂಡು ತಿರುಗುತ್ತಿದ್ದ ಕಾಲದಲ್ಲಿ, ಕುರುವಿನಾಳ ಅಂತ ಒಂದು ಊರಿತ್ತು. ಊರಿನ ತುದಿಗೆ ಕುಂಬಾರ ಓಣಿ. ಓಣಿಯ ನಡುವೆ ಒಂದು ಆವಿಗೆ, ಅಂದರೆ ಗಡಿಗೆ ಸುಡುವ ದೊಡ್ಡ ಗೂಡು. ಓಣಿಗೆಲ್ಲ ಅದೊಂದೇ. ಆ ಓಣಿಯಲ್ಲಿ ಬಾಳವ್ವ ಅನ್ನುವವಳು ಇದ್ದಳು.

ಬಾಳವ್ವ ನೋಡಲು ಹೇಗಿದ್ದಳು ಅಂತ ಈಗ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೆಲವರು ಎತ್ತರದವಳು ಅನ್ನುತ್ತಾರೆ, ಕೆಲವರು ಗಿಡ್ಡಿ ಅನ್ನುತ್ತಾರೆ. ಅವಳ ಕೈ ಮಾತ್ರ ಎಲ್ಲರಿಗೂ ಗೊತ್ತು. ಎಡಗೈಯಲ್ಲಿ ದುಂಡಗಲ್ಲು ಹಿಡಿದು ಹಸಿ ಗಡಿಗೆಯ ಒಳಗೆ ಆನಿಸಿ, ಬಲಗೈಯ ಮರದ ಹಲಗೆಯಿಂದ ಹೊರಗೆ ತಟ್ಟಿದರೆ ಮಣ್ಣು ರೊಟ್ಟಿಯ ಹಾಗೆ ತೆಳ್ಳಗೆ ಹರಡುತ್ತಿತ್ತಂತೆ. ಅವಳ ಗಡಿಗೆಯ ನೀರು ಕುಡಿದರೆ ನಡುಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುತ್ತಿತ್ತು ಅನ್ನುತ್ತಾರೆ.

ಆ ಓಣಿಗೆ ಒಂದು ಕಟ್ಟಳೆ ಇತ್ತು. ಅಲ್ಲಿ ಯಾರೂ ‘ಒಡೆಯಿತು’ ಅನ್ನುವ ಮಾತನ್ನು ಬಾಯಿಂದ ಆಡುತ್ತಿರಲಿಲ್ಲ. ಆಡಿದರೆ ಮಣ್ಣು ಕೇಳಿಸಿಕೊಳ್ಳುತ್ತದೆ ಎಂಬ ನಂಬಿಕೆ. ದೀಪ ಆರಿದರೆ ‘ದೀಪ ದೊಡ್ಡದಾಯಿತು’ ಅನ್ನುತ್ತೇವಲ್ಲ, ಹಾಗೆ ಗಡಿಗೆ ಒಡೆದರೆ ಅವರು ‘ಗಡಿಗೆ ಹೆಚ್ಚಿತು’ ಅನ್ನುತ್ತಿದ್ದರು. ಹಾಲು ಒಡೆದರೆ ‘ಹಾಲು ಕೆಟ್ಟಿತು’ ಅನ್ನುತ್ತಿದ್ದರು. ಊರವರೆಲ್ಲ ಗೌಡರನ್ನು ‘ಒಡೆಯರು’ ಅಂದರೆ ಕುಂಬಾರರು ಮಾತ್ರ ‘ಯಜಮಾನರು’ ಅನ್ನುತ್ತಿದ್ದರು. ಗೌಡರಿಗೆ ಮೊದಮೊದಲು ಸಿಟ್ಟು ಬಂದಿತ್ತಂತೆ. ಕಾರಣ ತಿಳಿದ ಮೇಲೆ, ತಮ್ಮ ಹೆಸರು ಹೇಳಿದರೆ ಗಡಿಗೆ ಉಳಿಯುವುದಿಲ್ಲವೆಂದರೆ ಹೇಳದಿರುವುದೇ ವಾಸಿ ಅಂತ ನಕ್ಕು ಸುಮ್ಮನಾದರಂತೆ.

ಆವಿಗೆಗೂ ಕಟ್ಟಳೆ ಇತ್ತು. ಕಂಠದವರೆಗೆ ತುಂಬದ ಆವಿಗೆಗೆ ಬೆಂಕಿ ಇಡಬಾರದು. ಒಂದು ಉಗಾದಿಯಿಂದ ಇನ್ನೊಂದು ಉಗಾದಿಯವರೆಗೆ ಬೆಂಕಿ ಕಾಣದ ಆವಿಗೆಯನ್ನು ನಿಲ್ಲಿಸಿಕೊಳ್ಳಬಾರದು. ಕೆಡವಬೇಕು, ಇಟ್ಟಿಗೆಯನ್ನು ಮನೆಮನೆಗೆ ಹಂಚಿಕೊಳ್ಳಬೇಕು.

ಆ ವರ್ಷ ಆವಿಗೆ ತಣ್ಣಗೆ ಕೂತಿತ್ತು. ಸಂತೆಯಲ್ಲಿ ಪ್ಲಾಸ್ಟಿಕ್ ಕೊಡ, ಸ್ಟೀಲಿನ ಬಿಂದಿಗೆ. ಮಣ್ಣಿನ ಗಡಿಗೆಯನ್ನು ಜನ ಸತ್ತವರ ಮನೆಗೆ ಮಾತ್ರ ಕೊಳ್ಳುತ್ತಿದ್ದರು. ಓಣಿಯ ಗಂಡಸರು ಗಡಿಗೆ ತಿರುಗಿಸುವ ತಿಗರಿಯನ್ನು ಗೋಡೆಗೆ ಒರಗಿಸಿ, ದೂರದ ಭಟ್ಟಿಗಳಿಗೆ ಇಟ್ಟಿಗೆ ಕೊಯ್ಯಲು ಹೋದರು. ಓಣಿಯಲ್ಲಿ ಉಳಿದವರು ಹೆಂಗಸರು ಮತ್ತು ಮುದುಕರು.

ಅವರಲ್ಲೆಲ್ಲ ಹಿರಿಯ ಗುಂಡಪ್ಪಜ್ಜ, ಬಾಳವ್ವನ ಮಾವ. ಒಂದು ಸಂಜೆ ಅವನು ಎಲ್ಲರನ್ನೂ ಕೂಡಿಸಿದ. ಆವಿಗೆಯ ಬಾಯಿಯ ಮೇಲೆ ಕೈ ಇಟ್ಟ. ಆವಿಗೆ ಮುಟ್ಟಿ ಆಡಿದ ಮಾತನ್ನು ಆ ಓಣಿಯಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

“ಬರೋ ಉಗಾದಿಗೆ ಈ ಆವಿಗಿ ನಾನ ನಿಂತು ಹೆಚ್ಚಸ್ತೀನಿ” ಅಂದ.

ಹೆಚ್ಚಿಸುವುದು ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಬಾಳವ್ವ ಅಳಲಿಲ್ಲ ಅನ್ನುತ್ತಾರೆ. ಆವಿಗೆ ಹೋದರೆ ತನ್ನ ಕೈಗೆ ಬೇರೆ ಏನೂ ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅವಳು ಮನೆಗೆ ಹೋಗಿ ಮಣ್ಣು ನೆನೆಹಾಕಿದಳು.

ಆ ಕಾಲದಲ್ಲಿ ಒಂದು ಸಂತೆ ಇತ್ತು. ಅದಕ್ಕೆ ವಾರವಿಲ್ಲ, ಬಯಲಿಲ್ಲ, ಗಾಡಿ ಕಟ್ಟಬೇಕಾಗಿಲ್ಲ. ಫೋನಿನೊಳಗೇ ಕೊಳ್ಳುವುದು, ಫೋನಿನೊಳಗೇ ಮಾರುವುದು. ಅದಕ್ಕೆ ಆನ್‌ಲೈನ್ ಅನ್ನುತ್ತಿದ್ದರು. ಬಾಳವ್ವ ಆ ಸಂತೆಯಲ್ಲಿ ಕೂರುತ್ತೇನೆ ಅಂದಳು. ಹಿತ್ತಲ ಗುಂಡಿಯಲ್ಲಿ ಸೆಗಣಿಯ ಕುಳ್ಳು ಒಟ್ಟಿ ನಾಲ್ಕಾರು ಗಡಿಗೆ ಸುಟ್ಟಳು. ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಫೋಟೋ ತೆಗೆದಳು.

ಪಕ್ಕದ ಮನೆಯ ಚಂಬವ್ವ ಗೋಡೆಯ ಆಚೆಯಿಂದ ಇಣುಕಿದಳು. ಅವಳ ನಾಲಿಗೆಗೆ ಓಣಿಯೇ ಹೆದರುತ್ತಿತ್ತು.

“ಯವ್ವಾ ಬಾಳವ್ವಾ, ಇಷ್ಟ್ ದೊಡ್ಡ ಗಡಿಗಿ ಆ ಸಣ್ಣ ಫೋನಿನ್ಯಾಗ ಹೆಂಗ ಹಿಡಸ್ತೀಯೇ? ಮೊದಲ ಫೋನಿಗೆ ನೀರ ಹಾಕಿ ನೋಡು, ಸೋರ್ತೈತೇನ.”

ಫೋಟೋ ನೋಡಿದವರು ಚೆನ್ನಾಗಿದೆ ಅಂದರು. ಚೆನ್ನಾಗಿದೆ ಅಂದು ಮುಂದೆ ಹೋದರು. ಒಂದೂ ಮಾರಿಹೋಗಲಿಲ್ಲ. ಬಾಳವ್ವ ಯೋಚಿಸಿದಳು. ಸಂತೆಯಲ್ಲಿ ಯಾವ ಹೆಂಗಸೂ ಗಡಿಗೆಯನ್ನು ಕಣ್ಣಿನಿಂದ ಕೊಳ್ಳುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟುತ್ತಾಳೆ, ಕಿವಿ ಹತ್ತಿರ ತರುತ್ತಾಳೆ, ಆಮೇಲೆ ರೇಟು ಕೇಳುತ್ತಾಳೆ. ಸೀಳಿದ್ದರೆ ಗಡಿಗೆ ಬೊಕ್ಕೆನ್ನುತ್ತದೆ. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ.

ಮರುದಿನ ಬಾಳವ್ವ ಫೋನನ್ನು ಗಡಿಗೆಯ ಬಾಯಿಗೆ ಹಿಡಿದು, ಗಡಿಗೆ ತಟ್ಟಿ, ಅದರ ವಿಡಿಯೋ ಹಾಕಿದಳು. ಮಾತಿಲ್ಲ, ಮುಖವಿಲ್ಲ. ಒಂದು ಕೈ, ಒಂದು ಗಡಿಗೆ, ಒಂದು ಸದ್ದು.

ಆ ಸದ್ದು ಎಲ್ಲಿಯವರೆಗೆ ಹೋಯಿತು ಅಂತ ಹೇಳುವುದು ಕಷ್ಟ. ಸಮುದ್ರದ ದಂಡೆಯ ಊರಿನಲ್ಲಿ ಅಳುತ್ತಿದ್ದ ಕೂಸು ಅದನ್ನು ಕೇಳಿ ಅಳು ನಿಲ್ಲಿಸಿತಂತೆ. ದೊಡ್ಡ ಪಟ್ಟಣದಲ್ಲಿ ಒಬ್ಬ ಮುದುಕಿ, ತನ್ನ ತವರಿನ ಹಿತ್ತಲು ಕಣ್ಣಿಗೆ ಬಂತು ಅಂತ ಊಟ ಬಿಟ್ಟು ಕೂತಳಂತೆ. ಸುಳ್ಳೋ ನಿಜವೋ, ಸಂಜೆಯ ಹೊತ್ತಿಗೆ ಕಟ್ಟೆಯ ಮೇಲಿನ ಗಡಿಗೆಗಳೆಲ್ಲ ಮಾರಿಹೋಗಿದ್ದವು. ಚಂಬವ್ವ ಅಂದು ಗೋಡೆಯ ಕಡೆ ಬರಲಿಲ್ಲ.

ಬಾಳವ್ವ ಗಡಿಗೆಗೆ ಹಳೆಯ ಗೋಣಿ ಸುತ್ತಿ, ಹುರಿ ಬಿಗಿದು ಕಳಿಸಿದಳು. ಸರಕು ಹೊತ್ತೊಯ್ಯುವವರು ಆಗಲೂ ಅವಸರದವರೇ. ಗಡಿಗೆಗಳೇನೋ ಹೋದವು, ಆದರೆ ಒಂದೆರಡು ಚೂರಾಗಿ ಮುಟ್ಟಿದವು. ಬಾಳವ್ವ ಅವಕ್ಕೆ ಬದಲು ಬೇರೆ ಕಳಿಸಿದಳು. ಆಮೇಲೆ, ಕೊಳ್ಳುವವರಿಗೆ ಧೈರ್ಯ ಬರಲಿ ಅಂತ, ಗಡಿಗೆಯ ಚಿತ್ರದ ಕೆಳಗೆ ಒಂದು ಸಾಲು ಬರೆದಳು. ಓಣಿಯಲ್ಲಿ ಹುಟ್ಟಿ, ಓಣಿಗೇ ಸೊಸೆಯಾಗಿ ಬಂದವಳು. ‘ಒಡೆದರೆ’ ಅಂತ ಬರೆಯಲು ಅವಳ ಬೆರಳು ಬರಲಿಲ್ಲ. ಬರೆದದ್ದು ಹೀಗೆ:

‘ಹೆಚ್ಚಿದರೆ ಇನ್ನೊಂದು ನಮ್ಮ ಕಡೆಯಿಂದ.’

ಲೋಕ ಅದನ್ನು ಬೇರೆ ಥರ ಓದಿತು.

ಮರುದಿನ ಬೆಳಗ್ಗೆ ಫೋನು ನಿಲ್ಲದೆ ಗುನುಗುಟ್ಟಿತು. ಒಬ್ಬಳು ಬರೆದಿದ್ದಳು, ನಮಗೆ ಹೆಚ್ಚು ಬೇಕು ಅಂತ. ಇನ್ನೊಬ್ಬ ಬರೆದಿದ್ದ, ಮದುವೆ ಇದೆ, ಆದಷ್ಟು ಹೆಚ್ಚು ಕಳಿಸಿ ಅಂತ. ಬಾಳವ್ವ ಕಣ್ಣರಳಿಸಿ ಓದಿದಳು. ಹೆಚ್ಚಿದ ಗಡಿಗೆ ಇವರಿಗೆ ಯಾಕೆ? ಅದೂ ಮದುವೆಗೆ? ಚಂಬವ್ವನನ್ನು ಕರೆದು ಕೇಳಿದಳು. ಚಂಬವ್ವ ಬಹಳ ಹೊತ್ತು ವಿಚಾರ ಮಾಡಿದಳು. ಪಟ್ಟಣದವರು, ಚೂರು ಹಾಸಿ ಮೇಲೆ ಕುಣಿಯುತ್ತಾರೋ ಏನೋ ಅಂದಳು.

ಮಧ್ಯಾಹ್ನ ಬಾಳವ್ವ ಮಾವನಿಗೆ ಊಟಕ್ಕೆ ಇಟ್ಟಳು. ಗುಂಡಪ್ಪಜ್ಜ ತಿಂದು ಮುಗಿಸುತ್ತಿದ್ದಂತೆ ಇನ್ನೊಂದು ರೊಟ್ಟಿ ಹಾಕಿದಳು. ಅವನು ಕೈ ಅಡ್ಡ ಹಿಡಿದ.

“ಸಾಕ ಬಿಡವಾ, ಹೆಚ್ಚಾತು.”

ಬಾಳವ್ವನ ಕೈ ಅಲ್ಲೇ ನಿಂತಿತು. ರೊಟ್ಟಿ ಮುರಿದಿರಲಿಲ್ಲ, ಇಡಿಯಾಗಿಯೇ ಇತ್ತು. ಅವಳು ರೊಟ್ಟಿ ನೋಡಿದಳು, ಫೋನು ನೋಡಿದಳು, ಹಾಗೆಯೇ ಒಲೆಯ ಮುಂದೆ ಕೂತುಬಿಟ್ಟಳು. ಹೆಚ್ಚು ಕೊಂಡರೆ ಇನ್ನೊಂದು ಪುಕ್ಕಟೆ! ಲೋಕ ಓದಿದ್ದು ಹಾಗೆ. ಲೋಕದ ಕಡೆ ತಪ್ಪೇನೂ ಇರಲಿಲ್ಲ.

ಸಂಜೆ ಓಣಿಯೆಲ್ಲ ಆವಿಗೆಯ ಕಟ್ಟೆಯ ಮೇಲೆ ಸೇರಿತು. ಬಾಳವ್ವ ನಡೆದದ್ದನ್ನು ಇದ್ದ ಹಾಗೆ ಹೇಳಿದಳು. ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಹೆದರಿದರು. ಅಷ್ಟು ಗಡಿಗೆಯನ್ನು ಹಿತ್ತಲ ಗುಂಡಿಯಲ್ಲಿ ಸುಡುವುದು ಆಗದ ಮಾತು. ಅದರ ಮೇಲೆ ಪುಕ್ಕಟೆ ಬೇರೆ. ಚಂಬವ್ವ, ಆ ಸಾಲನ್ನು ಅಳಿಸಿಬಿಡು, ಒಂದು ಬೆರಳಿನ ಕೆಲಸ ಅಂದಳು. ಹಲವರು ಹೌದೆಂದು ತಲೆಯಾಡಿಸಿದರು.

ಬಾಳವ್ವ ಮಾವನ ಕಡೆ ತಿರುಗಿದಳು.

“ಫೋನಿನ್ಯಾಗಿಂದ ಅಳಸಬಹುದು ಮಾವಾರ. ಓದಿದವರ ಕಣ್ಣಾಗಿಂದ ಹೆಂಗ ಅಳಸೂದು? ನಾ ಬರದದ್ದ ಒಂದು, ಅವರು ಓದಿದ್ದ ಒಂದು. ಬರದ ಕೈ ಮಾತ್ರ ನಂದ ಐತಿ.”

ಗುಂಡಪ್ಪಜ್ಜ ಎದ್ದು ಆವಿಗೆಯ ಕಂಠಕ್ಕೆ ಕೈ ತೋರಿಸಿದನಂತೆ. ಆಮೇಲೆ, ಉಗಾದಿಯೊಳಗೆ ಕಂಠದವರೆಗೆ ತುಂಬಿಸಿದರೆ ಬೆಂಕಿ ತಾನೇ ಇಡುತ್ತೇನೆ ಅಂದ. ಒಂದು ಗೇಣು ಕಡಿಮೆ ಇದ್ದರೂ ಇಡುವುದಿಲ್ಲ ಅಂದ. ಆವಿಗೆ ಮುಟ್ಟಿ ಮೊದಲು ಆಡಿದ ಮಾತಿನ ಬಗ್ಗೆ ಅವನೂ ಏನೂ ಹೇಳಲಿಲ್ಲ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಓಣಿ ಎದ್ದು ನಿಂತಿತು. ಭಟ್ಟಿಗೆ ಹೋದ ಗಂಡಸರಿಗೆ ಸುದ್ದಿ ಹೋಯಿತು. ಅವರು ಬಂದು ತಿಗರಿಯ ಧೂಳು ಒರೆಸಿದರು. ಗಂಡಸರು ತಿರುಗಿಸಿದರು, ಹೆಂಗಸರು ತಟ್ಟಿದರು. ಓಣಿಯ ತಟ್ಟಿನ ಸದ್ದು ಕೇಳಿ ದೂರದ ಹೊಲದವರು, ಕುರುವಿನಾಳದಲ್ಲಿ ಯಾವ ಹಬ್ಬ ಅಂತ ಕೇಳಿದರಂತೆ. ಬಾಳವ್ವ ಪುಕ್ಕಟೆಯದನ್ನು ತಾನೊಬ್ಬಳೇ ಮಾಡುತ್ತೇನೆ ಅಂದಳು. ಗಡಿಗೆಯ ಮೇಲೆ ಗಡಿಗೆ ಕೊಡುವ ಶಕ್ತಿ ಓಣಿಗಿರಲಿಲ್ಲ. ಇನ್ನೊಂದು ಅಂದಿದ್ದಳು, ಎಷ್ಟು ದೊಡ್ಡದು ಅಂದಿರಲಿಲ್ಲ. ಅಂಗೈಯಲ್ಲಿ ಕೂರುವ ಕುಡಿಕೆಗಳನ್ನು ತಟ್ಟಿದಳು. ಸಣ್ಣದು ಅಂತ ಒಂದನ್ನೂ ಕೆಟ್ಟದಾಗಿ ಮಾಡಲಿಲ್ಲ. ಉಪ್ಪು ಹಾಕಿದರೆ ಬೆವರದ ಕುಡಿಕೆ, ಮೊಸರು ಹಾಕಿದರೆ ಹುಳಿಯದ ಕುಡಿಕೆ ಅನ್ನುತ್ತಾರೆ.

ಉಗಾದಿಯ ಮುಂಚೆ ಆವಿಗೆಗೆ ಗಡಿಗೆ ಜೋಡಿಸಿದರು. ಜೋಡಿಸಿದರು, ಜೋಡಿಸಿದರು, ಗಡಿಗೆ ಮುಗಿದವು. ಎಲ್ಲರೂ ಬಗ್ಗಿ ನೋಡಿದರು. ಕಂಠಕ್ಕೆ ಇನ್ನೂ ಒಂದು ಗೇಣು ಖಾಲಿ ಇತ್ತು.

ಗುಂಡಪ್ಪಜ್ಜ ಕಡ್ಡಿಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡ.

“ಇನ್ನೂ ಅದಾವ, ಮಾವಾರ” ಅಂದಳು ಬಾಳವ್ವ.

ಹೆಂಗಸರು ಬುಟ್ಟಿ ಬುಟ್ಟಿ ಕುಡಿಕೆ ತಂದರು. ಗಡಿಗೆ ಗಡಿಗೆಯ ನಡುವಿನ ಸಂದಿಗೆ ಕುಡಿಕೆ ಹೋದವು. ಮೇಲೆ ಉಳಿದ ಒಂದು ಗೇಣಿಗೆ ಕುಡಿಕೆ ಸಾಲಾಗಿ ಕೂತವು. ಕೊನೆಯ ಕುಡಿಕೆಯನ್ನು ಚಂಬವ್ವ ಇಟ್ಟಳು. ಕಂಠ ಕಾಣಲಿಲ್ಲ. ಆವಿಗೆಯನ್ನು ತುಂಬಿಸಿದ್ದು ಮಾರಿದ ಗಡಿಗೆ ಅಲ್ಲ, ಪುಕ್ಕಟೆ ಕುಡಿಕೆ.

ಮುದುಕ ಜೇಬಿಗೆ ಕೈ ಹಾಕಿದ. ಕಡ್ಡಿ ಗೀರಿ ಆವಿಗೆಯ ಬಾಯಿಗೆ ಇಟ್ಟ. ಬೆಂಕಿ ಹಿಡಿಯಿತು. ಹೊಗೆ ನೆಟ್ಟಗೆ ಮೇಲೆ ಹೋಯಿತು. ಅದನ್ನು ನೋಡಿ ಮೋಡವೆಂದುಕೊಂಡ ಸುತ್ತಲ ಊರಿನವರು ಒಣಹಾಕಿದ ಮೆಣಸಿನಕಾಯಿ ಒಳಗೆ ತಂದರು ಅನ್ನುತ್ತಾರೆ.

ಆವಿಗೆ ಆರಿ ಬಾಯಿ ತೆರೆದಾಗ ಬಾಳವ್ವ ಮೊದಲ ಗಡಿಗೆ ಎತ್ತಿ ತಟ್ಟಿದಳು. ಠಣ್ ಅಂದಿತು. ಚಂಬವ್ವ ಒಂದು ತಟ್ಟಿದಳು. ಮುದುಕಿಯರು ತಟ್ಟಿದರು, ಗಂಡಸರು ತಟ್ಟಿದರು. ಓಣಿಗೆ ಓಣಿಯೇ ಠಣಠಣ ಅಂದಿತು. ಬೊಕ್ಕೆಂದದ್ದು ಒಂದೂ ಇರಲಿಲ್ಲ ಅನ್ನುತ್ತಾರೆ. ಆವಿಗೆ ಬಲ್ಲವರು ಈ ಮಾತಿಗೆ ನಗುತ್ತಾರೆ. ಆದರೂ ಹಾಗೆಯೇ ಹೇಳುತ್ತಾರೆ.

ಗಡಿಗೆ ಕಳಿಸುವಾಗ ಇನ್ನೊಂದು ಸಂಗತಿ ನಡೆಯಿತು. ಮೊದಲು ಗೋಣಿಯನ್ನು ಹೊರಗೆ ಮಾತ್ರ ಸುತ್ತುತ್ತಿದ್ದರು. ಈಗ ಕುಡಿಕೆಯನ್ನು ಗಡಿಗೆಯ ಹೊಟ್ಟೆಯಲ್ಲಿ ಇಟ್ಟು, ಅದು ಅಲುಗಾಡದಂತೆ ಸುತ್ತ ಹುಲ್ಲು ಬಿಗಿಯಾಗಿ ತುಂಬಬೇಕಾಯಿತು. ಒಳಗಿನ ಹುಲ್ಲು ಗಡಿಗೆಗೆ ಬೆನ್ನಾಗಿ ನಿಂತಿತು. ಕುಡಿಕೆ ಉಳಿಯಲಿ ಅಂತ ತುಂಬಿದ್ದು ಗಡಿಗೆಯನ್ನೂ ಉಳಿಸಿತು. ಆ ಸಲ ಎಲ್ಲಿಂದಲೂ ಚೂರಿನ ಸುದ್ದಿ ಬರಲಿಲ್ಲ. ಇನ್ನಷ್ಟು ಬೇಕು ಅಂತ ಮಾತ್ರ ಬಂತು.

ಉಗಾದಿ ಬಂತು. ಬೇವುಬೆಲ್ಲ ತಿಂದು ಗುಂಡಪ್ಪಜ್ಜ ಗುದ್ದಲಿ ಹೆಗಲಿಗೆ ಹಾಕಿಕೊಂಡು ಆವಿಗೆಯ ಕಡೆ ನಡೆದ. ಓಣಿಯೆಲ್ಲ ಹಿಂದೆ ಬಂತು. ಮಾತು ಆಡಿದ್ದ, ಆವಿಗೆ ಮುಟ್ಟಿ ಆಡಿದ್ದ. ಬಾಳವ್ವ ಅಡ್ಡ ಬರಲಿಲ್ಲ. ತಾನು ಬರೆದ ಮಾತನ್ನು ಉಳಿಸಿಕೊಂಡವಳು ಮಾವನ ಮಾತಿಗೆ ಹೇಗೆ ಅಡ್ಡ ಬಂದಾಳು? ಅವಳು ಸೆರಗು ಹಿಡಿದು ನಿಂತಳು.

ಮುದುಕ ಗುದ್ದಲಿ ಎತ್ತಿದ. ಗೋಡೆಗೆ ಹಾಕಲಿಲ್ಲ. ಗೋಡೆಯಿಂದ ನಾಲ್ಕು ಹೆಜ್ಜೆ ಆಚೆ ನೆಲಕ್ಕೆ ಹಾಕಿದ. ಅಲ್ಲಿಂದ ಆವಿಗೆಯ ಸುತ್ತ ದುಂಡಗೆ ಗೆರೆ ಕೊರೆಯುತ್ತ ಬಂದ, ಹಳೆಯ ಆವಿಗೆಗಿಂತ ದೊಡ್ಡ ಗೆರೆ. ಗೆರೆ ಕೂಡಿದ ಮೇಲೆ ಬೆವರು ಒರೆಸಿಕೊಂಡು ಸೊಸೆಯ ಕಡೆ ನೋಡಿದ.

“ಹೆಚ್ಚಸ್ತೀನಿ ಅಂದಿದ್ದೆ. ಹೆಚ್ಚಸಾಕ ಹತ್ತೀನಿ. ಇಟ್ಟಂಗಿ ತರ್ರಿ.”

ಭಟ್ಟಿಯಲ್ಲಿ ಬೇರೆಯವರ ಮನೆಗೆ ಇಟ್ಟಿಗೆ ಕೊಯ್ದ ಗಂಡಸರು ಆ ದಿನ ತಮ್ಮ ಆವಿಗೆಗೆ ಇಟ್ಟಿಗೆ ಇಟ್ಟರು. ಚಂಬವ್ವ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲವಂತೆ.

ಬಾಳವ್ವ ಹೋಗಿ ಎಷ್ಟು ಕಾಲವಾಯಿತೋ. ಅವಳ ಫೋನು ಹೋಯಿತು, ಆ ಸಂತೆಯೂ ಎಷ್ಟೋ ರೂಪ ಬದಲಿಸಿತು. ಕುರುವಿನಾಳದ ಕುಂಬಾರ ಓಣಿಯವರು ಇವತ್ತಿಗೂ ಉಗಾದಿಯ ದಿನ ಆವಿಗೆಗೆ ಒಂದು ಹೊಸ ಇಟ್ಟಿಗೆ ಇಡುತ್ತಾರೆ. ಅವರ ಗಡಿಗೆ ಕೊಂಡವರು, ಅವರು ಎಲ್ಲಿಯವರೇ ಆಗಲಿ, ಕಟ್ಟು ಬಿಚ್ಚಿದ ಕೂಡಲೇ ಗಡಿಗೆಯ ಹೊಟ್ಟೆಗೆ ಕೈ ಹಾಕಿ ಹುಲ್ಲಿನಲ್ಲಿ ತಡಕುತ್ತಾರೆ. ಕುಡಿಕೆ ಕೈಗೆ ಸಿಗುತ್ತದೆ. ಹೊರಗೆ ತೆಗೆದು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಕಿವಿಗೆ ಹಿಡಿದು, ‘ಬಾಳವ್ವಂದು’ ಅನ್ನುತ್ತಾರೆ. ಆಮೇಲೆಯೇ ಗಡಿಗೆಗೆ ನೀರು ತುಂಬುತ್ತಾರೆ.